ಒಂದೇ ನಿವೇಶನ, ಎರಡು ಕಟ್ಟಡ, ಏಳು ಬಾಡಿಗೆ ಮನೆ: ಸಾಲಕ್ಕೆ ಅರ್ಜಿ ಹಾಕುವ ಮುನ್ನ ಮತ್ತು ನಂತರ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬಾಡಿಗೆಗೆಂದೇ ಕಟ್ಟಿದ ಆಸ್ತಿ ಅನೇಕ ಕಡೆ ಒಂದೇ ಕಟ್ಟಡವಾಗಿರುವುದಿಲ್ಲ. ರಸ್ತೆಯ ಕಡೆಗೆ ನಾಲ್ಕು ಮನೆಗಳ ಮಹಡಿ ಕಟ್ಟಡವೊಂದು ಇರುತ್ತದೆ. ಪಕ್ಕದ ಓಣಿಯಲ್ಲಿ ಒಳಕ್ಕೆ ನಡೆದರೆ ಹಿಂದುಗಡೆ ಎರಡೋ ಮೂರೋ ಸಣ್ಣ ಮನೆಗಳ ಇನ್ನೊಂದು ಕಟ್ಟಡ ಸಿಗುತ್ತದೆ. ಸಂಪು ಒಂದೇ, ಗೇಟು ಒಂದೇ. ಇಂಥ ಆಸ್ತಿಯನ್ನು ಕೊಳ್ಳಲು ಸಾಲ ಸಿಗುತ್ತದೆಯೇ, ಎಷ್ಟು ಸಿಗುತ್ತದೆ, ಬಾಡಿಗೆಯಿಂದಲೇ ಕಂತು ತೀರಿಸಬಹುದೇ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಕೆಲಸ ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳು ಬೆಂಗಳೂರಿನವು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಓದುಗರಿಗೂ ದಾಖಲೆಗಳ ವಿಚಾರ ಬಹುಮಟ್ಟಿಗೆ ಅನ್ವಯಿಸುತ್ತದೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಿಮ್ಮ ಕಣ್ಣಿಗೆ ಕಾಣುವ ಎರಡು ಕಟ್ಟಡಗಳನ್ನು ಬ್ಯಾಂಕು ನೋಡುವುದಿಲ್ಲ. ಕಾಗದದಲ್ಲಿ ಇರುವ ಕಟ್ಟಡವನ್ನು ಮಾತ್ರ ನೋಡುತ್ತದೆ. ಇಂಥ ಅರ್ಜಿಗಳು ತಿರಸ್ಕೃತವಾಗುವುದು ಹೆಚ್ಚಾಗಿ ಅರ್ಜಿದಾರರ ಆದಾಯದ ಕೊರತೆಯಿಂದಲ್ಲ, ಹಿಂದಿನ ಕಟ್ಟಡಕ್ಕೆ ದಾಖಲೆಯಿಲ್ಲದಿರುವುದರಿಂದ.

1. ಕಾಗದದ ಮೇಲೆ ಆಸ್ತಿ ಒಂದೋ, ಎರಡೋ ತಿಳಿದುಕೊಳ್ಳಿ

ಮಾರುವವರಿಂದ ಮೊದಲು ಕೇಳಬೇಕಾದದ್ದು ಇ-ಖಾತಾ. ಸ್ಥಳೀಯ ಸಂಸ್ಥೆಯ ಕಂದಾಯ ದಾಖಲೆಯಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆ, ಅಳತೆ ಎಷ್ಟು ಎಂಬುದನ್ನು ತೋರಿಸುವ ಪತ್ರವೇ ಖಾತಾ. ಅದರ ಗಣಕೀಕೃತ ರೂಪವೇ ಇ-ಖಾತಾ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇದಿಲ್ಲದೆ ಆಸ್ತಿಯ ನೋಂದಣಿ ಆಗುವುದಿಲ್ಲ. ಖಾತಾ ಎಷ್ಟಿವೆ ಎಂಬುದರ ಮೇಲೆ ಮುಂದಿನ ದಾರಿಯೇ ಬೇರೆಯಾಗುತ್ತದೆ.

ಎರಡು ಕಟ್ಟಡಕ್ಕೂ ಸೇರಿ ಒಂದೇ ಖಾತಾ ಇದ್ದರೆ ಒಂದೇ ಕ್ರಯಪತ್ರ, ಒಂದೇ ಸಾಲ, ಒಂದೇ ಅಡಮಾನ. ವ್ಯವಹಾರ ಸರಳ, ಆದರೆ ನಾಳೆ ಹಣದ ತುರ್ತು ಬಂದು ಹಿಂದಿನ ಕಟ್ಟಡವನ್ನಷ್ಟೇ ಮಾರುತ್ತೇನೆಂದರೆ ಸಾಧ್ಯವಾಗುವುದಿಲ್ಲ, ಏಕೆಂದರೆ ಸಾಲ ತೀರುವವರೆಗೆ ಇಡೀ ಆಸ್ತಿ ಬ್ಯಾಂಕಿನ ಹಿಡಿತದಲ್ಲಿರುತ್ತದೆ. ಪ್ರತ್ಯೇಕ ಖಾತಾಗಳಿದ್ದರೆ ಎರಡು ಕ್ರಯಪತ್ರ ಮಾಡಿಸಿ, ಒಂದಕ್ಕೆ ಮಾತ್ರ ಸಾಲ ಪಡೆದು ಇನ್ನೊಂದನ್ನು ಸ್ವಂತ ಹಣದಿಂದ ಕೊಳ್ಳಬಹುದು. ಅಥವಾ ಎರಡಕ್ಕೂ ಬೇರೆ ಬೇರೆ ಸಾಲ ಪಡೆದು ಒಂದನ್ನು ಬೇಗ ತೀರಿಸಿ ಬಿಡಿಸಿಕೊಳ್ಳಬಹುದು. ಅವಕಾಶವಿದ್ದರೆ ನಾನು ಈ ಪ್ರತ್ಯೇಕ ಖಾತಾಗಳ ದಾರಿಯನ್ನೇ ಸೂಚಿಸುತ್ತೇನೆ. ಆದರೆ ಓಣಿಯಲ್ಲಿ ಓಡಾಡುವ ಹಕ್ಕು, ಸಂಪಿನ ನೀರು, ಒಳಚರಂಡಿ ಸಂಪರ್ಕ ಇವು ಯಾರಿಗೆ ಹೇಗೆ ಸೇರುತ್ತವೆ ಎಂಬುದನ್ನು ಎರಡೂ ಕ್ರಯಪತ್ರಗಳಲ್ಲಿ ಚೆಕ್ಕುಬಂದಿಯ ಜೊತೆಗೆ ಬರೆಸಲೇಬೇಕು. ಚೆಕ್ಕುಬಂದಿಯೆಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿಗಳ ವಿವರಣೆ. ದಾರಿಯ ಹಕ್ಕು ಬರೆಯದ ಹಿಂದಿನ ಕಟ್ಟಡಕ್ಕೆ ರಸ್ತೆಯೇ ಇಲ್ಲದಂತಾಗುತ್ತದೆ, ಮತ್ತು ರಸ್ತೆಯಿಲ್ಲದ ಆಸ್ತಿಯನ್ನು ಬ್ಯಾಂಕು ಅಡಮಾನಕ್ಕೆ ಒಪ್ಪುವುದಿಲ್ಲ.

ಸಾಲಕ್ಕಾಗಿಯೇ ಖಾತಾವನ್ನು ಅವಸರದಲ್ಲಿ ವಿಭಜಿಸಲು ಹೋಗಬೇಡಿ. ಕಟ್ಟಡದ ಸುತ್ತ ಕಾನೂನಿನ ಪ್ರಕಾರ ಬಿಡಬೇಕಾದ ಖಾಲಿ ಜಾಗವನ್ನು ಇಡೀ ನಿವೇಶನಕ್ಕೆ ಲೆಕ್ಕ ಹಾಕಿ ನಕ್ಷೆ ಮಂಜೂರು ಮಾಡಿರುತ್ತಾರೆ. ನಿವೇಶನವನ್ನು ಎರಡಾಗಿ ಒಡೆದ ಕೂಡಲೇ ಆ ಲೆಕ್ಕ ಎರಡೂ ಭಾಗಕ್ಕೆ ಹೊಂದದೆ ಹೋಗಬಹುದು.

ಬಿ ಖಾತಾ ಆಸ್ತಿಗಳ ಬಗ್ಗೆಯೂ ಇಲ್ಲಿಯೇ ಹೇಳಬೇಕು. ನಿಯಮದ ಪ್ರಕಾರ ಮಂಜೂರಾತಿ ಇಲ್ಲದ ಆಸ್ತಿಗಳಿಂದ ಕಂದಾಯ ವಸೂಲಿ ಮಾಡಲೆಂದು ಇಡಲಾದ ವಹಿಯಲ್ಲಿ ಅವು ದಾಖಲಾಗಿರುತ್ತವೆ. ಸಾರ್ವಜನಿಕ ವಲಯದ ಬ್ಯಾಂಕುಗಳು ಸಾಮಾನ್ಯವಾಗಿ ಇವುಗಳಿಗೆ ಸಾಲ ಕೊಡುವುದಿಲ್ಲ. ಕೆಲವು ಹಣಕಾಸು ಕಂಪನಿಗಳು ಹೆಚ್ಚಿನ ಬಡ್ಡಿಗೆ ಕೊಡುತ್ತವೆ, ಆದರೆ ಮುಂದೆ ಆ ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸುವುದು ಕಷ್ಟ ಎಂಬುದನ್ನು ಮರೆಯಬೇಡಿ. ನಗರದ ಹೊರಗೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು ನಮೂನೆ 11 ಕೇಳಬೇಕು.

2. ಕಟ್ಟಡಕ್ಕೊಂದರಂತೆ ಕಡತ ಮಾಡಿ

ಎಲ್ಲ ದಾಖಲೆಗಳನ್ನೂ ಒಂದೇ ಕಡತದಲ್ಲಿ ತುಂಬುವ ಬದಲು ಮೂರು ಕಡತ ಮಾಡಿಕೊಳ್ಳಿ: ಒಂದು ನೆಲಕ್ಕೆ, ಒಂದು ಮುಂದಿನ ಕಟ್ಟಡಕ್ಕೆ, ಒಂದು ಹಿಂದಿನದಕ್ಕೆ. ಯಾವ ಕಡತ ತೆಳ್ಳಗಿದೆ ಎಂಬುದು ಆಗ ತಾನಾಗಿ ಕಾಣುತ್ತದೆ.

ನೆಲದ ಕಡತದಲ್ಲಿ ಇರಬೇಕಾದವು: ಮೂಲಪತ್ರದಿಂದ ಇಂದಿನವರೆಗಿನ ಕ್ರಯಪತ್ರಗಳ ಸರಪಳಿ, ಭೂ ಪರಿವರ್ತನೆ ಆದೇಶ ಅಥವಾ ಹಂಚಿಕೆ ಪತ್ರ, ಇ-ಖಾತಾ, ಕಂದಾಯ ರಸೀದಿಗಳು, ಮತ್ತು ಬ್ಯಾಂಕಿನ ವಕೀಲರು ಕೇಳುವಷ್ಟು ವರ್ಷಗಳ ಋಣಭಾರ ಪತ್ರ. ಆಸ್ತಿಯ ಮೇಲೆ ನೋಂದಾಯಿತ ವ್ಯವಹಾರಗಳು ಏನೇನಾಗಿವೆ ಎಂದು ತೋರಿಸುವ ಋಣಭಾರ ಪತ್ರವನ್ನು, ಅಂದರೆ ಎಲ್ಲರೂ ಇ.ಸಿ. ಎನ್ನುವುದನ್ನು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಪಡೆಯಬಹುದು. ವ್ಯವಹಾರಗಳಿದ್ದರೆ ನಮೂನೆ 15ರಲ್ಲಿಯೂ ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಅದು ಬರುತ್ತದೆ. ಆಸ್ತಿ ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷವನ್ನು ಕೇಳಿ ಪಡೆದು ಹೆಣ್ಣುಮಕ್ಕಳ ಹೆಸರುಗಳನ್ನು ಒಂದೊಂದಾಗಿ ಗುರುತಿಸಿಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ‘ಅವರೆಲ್ಲ ಮದುವೆಯಾಗಿ ಹೋಗಿದ್ದಾರೆ, ಅವರ ಸಹಿ ಬೇಕಾಗಿಲ್ಲ’ ಎಂದು ಮಾರುವವರು ಹೇಳಿದರೆ ಅಲ್ಲಿಯೇ ನಿಲ್ಲಿಸಿ; ತಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದಾರೆಂಬ ನೋಂದಾಯಿತ ಹಕ್ಕು ಖುಲಾಸೆ ಪತ್ರವಾಗಲಿ ಕ್ರಯಪತ್ರದಲ್ಲಿ ಅವರ ಸಹಿಯಾಗಲಿ ಬೇಕೇ ಬೇಕು.

ಕಟ್ಟಡದ ಕಡತಗಳಲ್ಲಿ ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ವಿದ್ಯುತ್ ಮತ್ತು ನೀರಿನ ಬಿಲ್ಲುಗಳು ಇರಬೇಕು. ಸ್ವಾಧೀನಾನುಭವ ಪತ್ರವೆಂದರೆ ಕಟ್ಟಡವು ಮಂಜೂರಾದ ನಕ್ಷೆಯಂತೆ ಪೂರ್ಣಗೊಂಡಿದ್ದು ವಾಸಕ್ಕೆ ಯೋಗ್ಯವಾಗಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಪ್ರಮಾಣಪತ್ರ. ಜನ ಇದನ್ನು ಓ.ಸಿ. ಎನ್ನುತ್ತಾರೆ. ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಕಟ್ಟಡವನ್ನು ಭದ್ರತೆಯಾಗಿ ಇಟ್ಟುಕೊಂಡು ಸಾಲ ಕೊಡುವ ಮುನ್ನ ಬ್ಯಾಂಕುಗಳು ಈ ಪತ್ರವನ್ನು ಪರಿಶೀಲಿಸಬೇಕೆಂದು ನಿರ್ದೇಶಿಸಿದೆ. ಅದಾದ ಮೇಲೆ ‘ಹಳೆಯ ಕಟ್ಟಡ, ಯಾರೂ ಕೇಳುವುದಿಲ್ಲ’ ಎಂಬ ಮಧ್ಯವರ್ತಿಗಳ ಮಾತಿಗೆ ಬೆಲೆಯಿಲ್ಲ. ಕರ್ನಾಟಕ ಸರ್ಕಾರ 2025ರಲ್ಲಿ, 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲಮಹಡಿಯ ಮೇಲೆ ಎರಡು ಅಂತಸ್ತು ಅಥವಾ ವಾಹನ ನಿಲುಗಡೆಯ ಕಂಬಗಳ ಮೇಲೆ ಮೂರು ಅಂತಸ್ತಿನವರೆಗಿನ ವಾಸದ ಕಟ್ಟಡಗಳಿಗೆ ಈ ಪತ್ರದಿಂದ ವಿನಾಯಿತಿ ನೀಡಿದೆ. ವಿನಾಯಿತಿ ಇರುವುದು ಪತ್ರಕ್ಕೆ ಮಾತ್ರ, ನಕ್ಷೆ ಮಂಜೂರಾತಿಗಲ್ಲ. 1,200 ಚದರ ಅಡಿಗಿಂತ ದೊಡ್ಡ ನಿವೇಶನದ ಎರಡು ಕಟ್ಟಡಗಳಿಗೆ ಅದೂ ಇಲ್ಲ.

3. ಬಾಡಿಗೆಯ ನಿಜವಾದ ಲೆಕ್ಕ ತೆಗೆಯಿರಿ

ಮಾರುವವರು ‘ತಿಂಗಳಿಗೆ 1,08,000 ರೂಪಾಯಿ ಬಾಡಿಗೆ ಬರುತ್ತದೆ’ ಎನ್ನುತ್ತಾರೆ ಎಂದುಕೊಳ್ಳೋಣ. ಮುಂದಿನ ನಾಲ್ಕು ಮನೆಗಳಿಗೆ ತಲಾ 18,000, ಹಿಂದಿನ ಮೂರಕ್ಕೆ ತಲಾ 12,000. ವರ್ಷಕ್ಕೆ 12,96,000. ಈ ಮೊತ್ತವನ್ನೇ ಹಿಡಿದುಕೊಂಡು ಕಂತಿನ ಲೆಕ್ಕ ಹಾಕುವುದು ನಾನು ಕಂಡಿರುವ ಅತಿ ಸಾಮಾನ್ಯವಾದ ತಪ್ಪು.

ಪ್ರತಿ ಮನೆಯೂ ವರ್ಷಕ್ಕೆ ಒಂದು ತಿಂಗಳು ಖಾಲಿ ಇರುತ್ತದೆಂದು ಹಿಡಿಯಿರಿ: 1,08,000 ಹೋಯಿತು. ಆಸ್ತಿ ತೆರಿಗೆ, ಪಂಪು ಮತ್ತು ಓಣಿಯ ದೀಪದ ವಿದ್ಯುತ್, ಬೇಸಿಗೆಯ ಟ್ಯಾಂಕರ್ ನೀರು, ಸುಣ್ಣಬಣ್ಣ, ನಲ್ಲಿ ರಿಪೇರಿ ಇವುಗಳಿಗೆ ತಿಂಗಳಿಗೆ 12,000ದಂತೆ 1,44,000 ಎತ್ತಿಡಿ. ಉಳಿಯುವುದು ವರ್ಷಕ್ಕೆ 10,44,000, ತಿಂಗಳಿಗೆ 87,000. ಕಂತು ಕಟ್ಟಿದ ಮೇಲೂ ಕೈಯಲ್ಲಿ ಸ್ವಲ್ಪ ಉಳಿಯಬೇಕೆಂದು ಸಾಲದಾತರು ಬಯಸುತ್ತಾರೆ. ಈ ನಿವ್ವಳ ಆದಾಯವು ಕಂತಿನ 1.25 ಪಟ್ಟು ಇರಬೇಕೆಂದು ಹಿಡಿದರೆ, ಬಾಡಿಗೆ ಹೊರಬಲ್ಲ ಕಂತು 69,600 ರೂಪಾಯಿ. ಶೇ 10ರ ಬಡ್ಡಿಯಲ್ಲಿ 15 ವರ್ಷದ ಅವಧಿಗೆ ಲಕ್ಷಕ್ಕೆ ಸುಮಾರು 1,075 ರೂಪಾಯಿ ಕಂತು ಬೀಳುವುದರಿಂದ, ಈ ಬಾಡಿಗೆ ತಾನೇ ತೀರಿಸಬಲ್ಲ ಸಾಲ 64.75 ಲಕ್ಷದ ಆಸುಪಾಸು. ಆಸ್ತಿಯ ಬೆಲೆ 2.6 ಕೋಟಿ ಎಂದಿದ್ದರೆ, ಬ್ಯಾಂಕು ಶೇ 75ರಷ್ಟು, ಅಂದರೆ 1.95 ಕೋಟಿ ಕೊಡಲು ಮುಂದೆ ಬಂದರೂ ಅದರ ಕಂತು 2,09,500 ದಾಟುತ್ತದೆ. ಪ್ರತಿ ತಿಂಗಳೂ 1,22,500 ರೂಪಾಯಿಯನ್ನು ನಿಮ್ಮ ಸಂಬಳದಿಂದ ತುಂಬಬೇಕಾಗುತ್ತದೆ. ಎಷ್ಟು ಸಾಲ ಸಿಗುತ್ತದೆ ಎಂಬುದಕ್ಕಿಂತ ಬಾಡಿಗೆ ಎಷ್ಟು ಸಾಲವನ್ನು ಹೊರುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಿ ಎಂದು ಒತ್ತಿ ಹೇಳುವುದು ಈ ಕಾರಣಕ್ಕೆ.

ಇನ್ನು ಭೋಗ್ಯದ ವಿಚಾರ. ತಿಂಗಳ ಬಾಡಿಗೆಯಿಲ್ಲದೆ ಒಂದೇ ಗಂಟಿನಲ್ಲಿ ಕೆಲವು ಲಕ್ಷ ರೂಪಾಯಿ ಕೊಟ್ಟು ಎರಡು ಮೂರು ವರ್ಷ ವಾಸಿಸಿ, ಬಿಡುವಾಗ ಅಷ್ಟೂ ಹಣವನ್ನು ವಾಪಸು ಪಡೆಯುವ ಈ ಪದ್ಧತಿಯನ್ನು ಜನ ಲೀಸ್ ಎಂದೂ ಕರೆಯುತ್ತಾರೆ. ಹಿಂದಿನ ಮೂರು ಮನೆಗಳು ತಲಾ 8 ಲಕ್ಷಕ್ಕೆ ಭೋಗ್ಯದಲ್ಲಿದ್ದರೆ ಅವುಗಳಿಂದ ಬಾಡಿಗೆಯೇ ಇಲ್ಲ. ಜೊತೆಗೆ 24 ಲಕ್ಷ ರೂಪಾಯಿಯ ಹೊಣೆ ನಿಮ್ಮ ತಲೆಗೆ ಬರುತ್ತದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂಬ ಕಾನೂನಿದ್ದರೂ ಭೋಗ್ಯದ ಕರಾರುಗಳು ಬಹಳಷ್ಟು ಛಾಪಾ ಕಾಗದದಲ್ಲಿಯೇ ಉಳಿಯುವುದರಿಂದ ಇ.ಸಿ.ಯಲ್ಲಿ ಕಾಣಿಸುವುದಿಲ್ಲ. ಹಾಗಾಗಿ ಏಳೂ ಬಾಗಿಲು ತಟ್ಟಿ, ಪ್ರತಿಯೊಬ್ಬ ಬಾಡಿಗೆದಾರರಿಂದ ಕರಾರಿನ ನಕಲನ್ನೂ, ಕೊಟ್ಟಿರುವ ಮುಂಗಡವೆಷ್ಟು ಎಂಬ ಸಹಿ ಮಾಡಿದ ಪತ್ರವನ್ನೂ ಪಡೆಯಿರಿ. ಎಲ್ಲ ಮುಂಗಡ ಮತ್ತು ಭೋಗ್ಯದ ಮೊತ್ತವನ್ನು ಕೂಡಿ ಕ್ರಯದ ಹಣದಲ್ಲಿ ಮುರಿದುಕೊಳ್ಳಿ. ಕೊಳ್ಳಲು ಕಡಿಮೆ ಬಿದ್ದ ಹಣವನ್ನು ಮನೆಗಳನ್ನು ಭೋಗ್ಯಕ್ಕೆ ಹಾಕಿ ಹೊಂದಿಸುತ್ತೇನೆ ಎಂದು ಯೋಚಿಸುವವರಿಗೂ ನನ್ನ ಎಚ್ಚರಿಕೆ ಇದೇ: ಅದು ಬಾಡಿಗೆಯನ್ನು ಕಳೆದುಕೊಂಡು ಮಾಡುವ ಎರಡನೆಯ ಸಾಲ, ಮತ್ತು ಅದನ್ನು ಕಂತಿನಲ್ಲಿ ತೀರಿಸಲು ಬರುವುದಿಲ್ಲ.

4. ಯಾವ ಬಗೆಯ ಸಾಲ ಎಂಬುದನ್ನು ನಿರ್ಧರಿಸಿ

ಗೃಹಸಾಲ ಎಲ್ಲಕ್ಕಿಂತ ಅಗ್ಗ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಮೌಲ್ಯದ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲಿನ ಸಾಲಕ್ಕೆ ಶೇ 75 ಗರಿಷ್ಠ ಮಿತಿ. ಆದರೆ ಸಾಲದ ಮರುಪಾವತಿ ಮುಖ್ಯವಾಗಿ ಆ ಆಸ್ತಿಯ ಬಾಡಿಗೆಯನ್ನೇ ಅವಲಂಬಿಸಿದ್ದರೆ, ಅಥವಾ ಒಬ್ಬ ವ್ಯಕ್ತಿಯ ಮೂರನೆಯ ಮನೆ ಮತ್ತು ಅದರಾಚೆಗಿನ ಮನೆಗಳಿಗೆ ಸಾಲ ಕೇಳಿದರೆ, ಬ್ಯಾಂಕುಗಳು ಅದನ್ನು ವಾಣಿಜ್ಯ ಸ್ಥಿರಾಸ್ತಿ ಸಾಲವೆಂದು ವರ್ಗೀಕರಿಸಬೇಕಾಗುತ್ತದೆ. ಹಾಗೆ ವರ್ಗೀಕರಿಸಿದ ಸಾಲಕ್ಕೆ ಬ್ಯಾಂಕು ಹೆಚ್ಚಿನ ಮೀಸಲು ಇಡಬೇಕಾದ್ದರಿಂದ ಬಡ್ಡಿಯೂ ಹೆಚ್ಚು. ನಿಮ್ಮ ಅರ್ಜಿಯನ್ನು ಯಾವ ವರ್ಗದಲ್ಲಿ ಸೇರಿಸುತ್ತೀರಿ ಎಂದು ಮೊದಲ ಭೇಟಿಯಲ್ಲಿಯೇ ಶಾಖಾಧಿಕಾರಿಯನ್ನು ಕೇಳಿ. ಬಾಡಿಗೆಗೆ ಕೊಳ್ಳುವ ಆಸ್ತಿಯನ್ನು ಸ್ವಂತ ವಾಸಕ್ಕೆ ಎಂದು ಅರ್ಜಿಯಲ್ಲಿ ಬರೆಯಬೇಡಿ. ಅದು ಸುಳ್ಳು ಹೇಳಿಕೆಯಾಗುತ್ತದೆ, ಸಾಲವನ್ನೇ ವಾಪಸು ಕೇಳಲು ಕಾರಣವಾಗಬಹುದು.

ಈಗಾಗಲೇ ಒಂದು ಕಟ್ಟಡ ಇದ್ದು, ಅದೇ ನಿವೇಶನದಲ್ಲಿ ಎರಡನೆಯದನ್ನು ಕಟ್ಟುವವರಿಗೆ ನಿರ್ಮಾಣ ಸಾಲ ಇದೆ. ಇದರಲ್ಲಿ ಹಣ ಒಮ್ಮೆಗೇ ಬರದೆ ಪಾಯ, ಲಿಂಟಲ್, ಸೂರು ಹೀಗೆ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ಮುಂದಿನ ಹಂತದ ಕೆಲಸ ಆರಂಭಿಸಲು ಬೇಕಾದ ಹಣ ನಿಮ್ಮ ಕೈಯಲ್ಲಿ ಇರಬೇಕು. ನಕ್ಷೆ ಎರಡನೆಯ ಕಟ್ಟಡವನ್ನೂ ಒಳಗೊಂಡಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಆಸ್ತಿ ಅಡಮಾನ ಸಾಲವು ನಿಮ್ಮಲ್ಲಿ ಈಗಿರುವ ಬೇರೆ ಆಸ್ತಿಯನ್ನು ಅಡವಿಟ್ಟು ಪಡೆಯುವಂಥದ್ದು. ಬಡ್ಡಿ ಹೆಚ್ಚು, ಆಸ್ತಿಯ ಮೌಲ್ಯಕ್ಕೆ ಸಿಗುವ ಮೊತ್ತ ಕಡಿಮೆ. ಬಾಡಿಗೆಯ ಮೇಲಿನ ಸಾಲ ಎಂಬ ಇನ್ನೊಂದು ಬಗೆಯಿದೆ. ಅಲ್ಲಿ ಬಾಡಿಗೆ ನೇರವಾಗಿ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಕಂಪನಿಗಳೋ ಬ್ಯಾಂಕುಗಳೋ ದೀರ್ಘಾವಧಿಗೆ ಹಿಡಿದ ಕಟ್ಟಡಗಳಿಗೆ ಅದು ಹೊಂದುತ್ತದೆ, ಹನ್ನೊಂದು ತಿಂಗಳ ಕರಾರಿನ ಏಳು ಸಂಸಾರಗಳ ಆಸ್ತಿಗಲ್ಲ.

5. ಕೈಯಿಂದ ಹಾಕಬೇಕಾದ ಹಣವನ್ನು ಎಣಿಸಿ

ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಬ್ಯಾಂಕು ಆಸ್ತಿಯ ಮೌಲ್ಯದಲ್ಲಿ ಸೇರಿಸುವುದಿಲ್ಲ. ಇಂಥ ಆಸ್ತಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಉಪಕರ ಮತ್ತು ಮೇಲ್ತೆರಿಗೆ ಸೇರಿ ನಗರ ಪ್ರದೇಶದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಒಟ್ಟು ಶೇ 7.6, 2.6 ಕೋಟಿಯ ಆಸ್ತಿಗೆ 19.76 ಲಕ್ಷ. ಸರ್ಕಾರ ಆ ಪ್ರದೇಶಕ್ಕೆ ನಿಗದಿಪಡಿಸಿದ ಮಾರ್ಗಸೂಚಿ ದರ ಅದಕ್ಕಿಂತ ಹೆಚ್ಚಿದ್ದರೆ ಶುಲ್ಕವನ್ನು ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ. ಮೇಲಿನ ಉದಾಹರಣೆಯಲ್ಲಿ ಬಾಡಿಗೆ ಹೊರುವಷ್ಟೇ ಸಾಲ ಪಡೆದರೆ ನಿಮ್ಮ ಪಾಲಿನ ಹಣ ಸುಮಾರು 2.15 ಕೋಟಿ. ಕ್ರಯದ ಮೊತ್ತ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ ಶೇ 1ರಷ್ಟು ತೆರಿಗೆಯನ್ನು ಹಿಡಿದುಕೊಂಡು ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ ಹಿಡಿಯಬೇಕಾದ ದರ ಇದಕ್ಕಿಂತ ಬಹಳ ಹೆಚ್ಚು. ಲೆಕ್ಕ ಪರಿಶೋಧಕರನ್ನು ಕೇಳದೆ ಹಣ ಕೊಡಬೇಡಿ.

ಕ್ರಯದ ಕರಾರಿಗೆ ಮುಂಗಡ ಕೊಡುವಾಗ, ದಾಖಲೆಯ ದೋಷದಿಂದ ಸಾಲ ಮಂಜೂರಾಗದಿದ್ದರೆ ಮುಂಗಡವನ್ನು ಇಷ್ಟು ದಿನದೊಳಗೆ ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದು ಎಂಬ ವಾಕ್ಯವನ್ನು ಬರೆಸಿ. ಈ ಒಂದು ವಾಕ್ಯವಿಲ್ಲದೆ ಲಕ್ಷಾಂತರ ರೂಪಾಯಿ ಸಿಕ್ಕಿಹಾಕಿಕೊಂಡ ಓದುಗರ ಪತ್ರಗಳು ನನಗೆ ಬಂದಿವೆ.

6. ಮೌಲ್ಯಮಾಪಕರು ಬರುವ ದಿನಕ್ಕೆ ಸಿದ್ಧರಾಗಿ

ಬ್ಯಾಂಕು ಕಳುಹಿಸುವ ಮೌಲ್ಯಮಾಪಕರ ವರದಿಯೇ ಸಾಲದ ಮೊತ್ತವನ್ನು ನಿರ್ಧರಿಸುವುದು. ಅವರು ಮೊದಲು ನಿಲ್ಲುವ ಜಾಗ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡು. ಅಲ್ಲಿ ಏಳು ಮೀಟರುಗಳಿವೆ, ಪ್ರತಿಯೊಂದಕ್ಕೂ ಬೇರೆ ಆರ್.ಆರ್. ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಯಿದೆ, ಆಮೇಲೆ ನಕ್ಷೆ ಬಿಡಿಸುತ್ತಾರೆ, ಅದರಲ್ಲಿ ಮುಂದಿನ ಕಟ್ಟಡದ ನಾಲ್ಕು ಮನೆ ಮಾತ್ರ. ಹಿಂದಿನ ಕಟ್ಟಡ ಇರಬೇಕಾದಲ್ಲಿ ನಕ್ಷೆ ತೋರಿಸುವುದು ಖಾಲಿ ಜಾಗವನ್ನು. ಟೇಪು ಹಿಡಿದು ಎರಡು ಗೋಡೆಗಳ ನಡುವಿನ ಅಂತರ ಅಳೆದು, ಹಿಂದಿನ ಕಟ್ಟಡದ ಎದುರು ಮೌಲ್ಯದ ಅಂಕಣದಲ್ಲಿ ಸೊನ್ನೆ ಬರೆದುಕೊಂಡು ಹೋಗುತ್ತಾರೆ. ಮೂರು ಸಂಸಾರಗಳು ಅಲ್ಲಿ ಬಾಳುತ್ತಿದ್ದರೂ, ತಿಂಗಳಿಗೆ 36,000 ಬಾಡಿಗೆ ಬರುತ್ತಿದ್ದರೂ ಅವರ ವರದಿಯಲ್ಲಿ ಆ ಕಟ್ಟಡ ಇಲ್ಲ.

ಇಂಥ ಸ್ಥಿತಿಯಲ್ಲಿ ಮೂರು ದಾರಿಗಳಿವೆ. ನಿಯಮದೊಳಗೆ ಸಾಧ್ಯವಿದ್ದರೆ ಮಾರುವವರಿಂದಲೇ ಪರಿಷ್ಕೃತ ನಕ್ಷೆಗೆ ಮಂಜೂರಾತಿ ಮಾಡಿಸುವುದು, ನೆಲ ಮತ್ತು ಮುಂದಿನ ಕಟ್ಟಡದ ಮೌಲ್ಯಕ್ಕಷ್ಟೇ ಸಾಲ ಪಡೆದು ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಳಿಸುವುದು, ಅಥವಾ ಕೈಬಿಡುವುದು. ಅನಧಿಕೃತ ಕಟ್ಟಡವನ್ನು ತೆರವುಗೊಳಿಸುವ ಆದೇಶ ಬಂದರೆ ಬಾಡಿಗೆಯ ಮೂರನೆಯ ಒಂದು ಭಾಗ ಹೋಗುತ್ತದೆ, ಕಂತು ಮಾತ್ರ ಹಾಗೆಯೇ ಉಳಿಯುತ್ತದೆ. ಎರಡನೆಯ ದಾರಿ ಹಿಡಿಯುವವರು ಹಿಂದಿನ ಮನೆಗಳ ಬಾಡಿಗೆಯನ್ನು ಕಂತಿನ ಲೆಕ್ಕಕ್ಕೆ ಸೇರಿಸಲೇಬಾರದು.

ಆಸ್ತಿ ತೆರಿಗೆಯ ರಸೀದಿಯನ್ನೂ ನೋಡಿಟ್ಟುಕೊಳ್ಳಿ. ಏಳು ಮನೆ ಬಾಡಿಗೆಗಿದ್ದು ರಸೀದಿಯಲ್ಲಿ ಸ್ವಂತ ವಾಸ ಎಂದಿದ್ದರೆ ಬಾಡಿಗೆಯ ಆದಾಯವನ್ನು ಬ್ಯಾಂಕು ಒಪ್ಪುವುದು ಕಷ್ಟ; ಹಿಂದಿನ ವರ್ಷಗಳ ವ್ಯತ್ಯಾಸದ ತೆರಿಗೆಯೂ ದಂಡವೂ ಆಸ್ತಿಯ ಜೊತೆ ನಿಮಗೇ ಬರುತ್ತದೆ.

7. ಮಂಜೂರಾತಿ ಪತ್ರವನ್ನು ಮನೆಗೆ ತಂದು ಓದಿ

2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ಎಲ್ಲ ಹೊಸ ಅವಧಿ ಸಾಲಗಳಿಗೆ ಮುಖ್ಯಾಂಶಗಳ ಪಟ್ಟಿಯನ್ನು ಕೊಡುವುದು ಕಡ್ಡಾಯ. ಬಡ್ಡಿಯ ಜೊತೆ ಸಂಸ್ಕರಣಾ ಶುಲ್ಕ, ವಿಮೆ ಮುಂತಾದ ವೆಚ್ಚವೆಲ್ಲ ಸೇರಿ ವಾರ್ಷಿಕ ದರ ಎಷ್ಟಾಗುತ್ತದೆ ಎಂಬುದು ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸಬೇಕಾದದ್ದು ಆ ದರದಿಂದ, ಜಾಹೀರಾತಿನ ದರದಿಂದಲ್ಲ. ಅಡಮಾನದ ಅನುಸೂಚಿಯಲ್ಲಿ ಎರಡು ಕಟ್ಟಡಗಳೂ ಹೇಗೆ ವರ್ಣಿತವಾಗಿವೆ ಎಂದು ಕ್ರಯಪತ್ರದ ಜೊತೆಗಿಟ್ಟು ನೋಡಿ. ವಿಮಾ ಪತ್ರದಲ್ಲಿಯೂ ಎರಡರ ಹೆಸರು ಬೇರೆ ಬೇರೆಯಾಗಿ ಇರಬೇಕು. ವ್ಯಕ್ತಿಗಳು ವ್ಯವಹಾರೇತರ ಉದ್ದೇಶಕ್ಕೆ ಪಡೆದ ಬದಲಾಗುವ ಬಡ್ಡಿಯ ಸಾಲಕ್ಕೆ ಅವಧಿಪೂರ್ವ ತೀರುವಳಿ ಶುಲ್ಕ ಇಲ್ಲ. 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಲ್ಲಿ, ವಾಣಿಜ್ಯ ಬ್ಯಾಂಕುಗಳು ವ್ಯಕ್ತಿಗಳಿಗೆ ವ್ಯವಹಾರಕ್ಕೆಂದು ಕೊಡುವ ಇಂಥ ಸಾಲಕ್ಕೂ ಈ ರಕ್ಷಣೆ ವಿಸ್ತರಿಸಿದೆ.

8. ನೋಂದಣಿಯ ನಂತರ

ಕ್ರಯಪತ್ರ ನೋಂದಣಿಯಾದ ವಾರದೊಳಗೆ ಏಳೂ ಬಾಡಿಗೆದಾರರೊಡನೆ ನಿಮ್ಮ ಹೆಸರಿನಲ್ಲಿ ಹೊಸ ಕರಾರು ಮಾಡಿಕೊಂಡು, ಬಾಡಿಗೆ ಕೇವಲ ಬ್ಯಾಂಕ್ ಖಾತೆಗೆ ಬರುವಂತೆ ವ್ಯವಸ್ಥೆ ಮಾಡಿ. ಮುಂದೆ ಸಾಲವನ್ನು ಕಡಿಮೆ ಬಡ್ಡಿಗೆ ವರ್ಗಾಯಿಸಬೇಕಾದಾಗ ಬಾಡಿಗೆಗೆ ನೀವು ತೋರಿಸಬಹುದಾದ ಗಟ್ಟಿ ಸಾಕ್ಷಿ ಆ ಖಾತೆಯ ವಿವರವೇ. ಖಾತಾ ಬದಲಾವಣೆಗೆ ಕೂಡಲೇ ಅರ್ಜಿ ಹಾಕಿ.

ಆದಾಯ ತೆರಿಗೆಯಲ್ಲಿ, ಬಂದ ಬಾಡಿಗೆಯಿಂದ ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ಶೇ 30ನ್ನು ನೇರವಾಗಿ ಕಳೆಯಬಹುದು. ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಾಡಿಗೆಗೆ ಕೊಟ್ಟ ಮನೆಗಳ ಬಡ್ಡಿಗೆ 2 ಲಕ್ಷದ ಮಿತಿಯಿದೆ ಎಂದು ಅನೇಕರು ತಪ್ಪಾಗಿ ತಿಳಿದಿದ್ದಾರೆ. ಆ ಮಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಆಸ್ತಿಯ ನಷ್ಟವನ್ನು ಸಂಬಳದಂಥ ಬೇರೆ ಆದಾಯದಲ್ಲಿ ಹೊಂದಿಸಿಕೊಳ್ಳುವುದಕ್ಕೆ. ಹೊಸ ಪದ್ಧತಿಯಲ್ಲಿ ಹಾಗೆ ಹೊಂದಿಸಿಕೊಳ್ಳುವ ಅವಕಾಶವೇ ಇಲ್ಲದಿರುವುದರಿಂದ, ಸಂಬಳದಿಂದ ಕಂತು ತುಂಬುವವರು ಪದ್ಧತಿಯನ್ನು ಆಯ್ದುಕೊಳ್ಳುವ ಮುನ್ನ ಎರಡೂ ಲೆಕ್ಕ ಹಾಕಿಸಿ ನೋಡಬೇಕು.

ಸಾಲ ಪೂರ್ತಿ ತೀರಿದ ಮೇಲೆ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ಅದಕ್ಕಾಗಿ ದಾಖಲೆಗಳನ್ನು ಒಪ್ಪಿಸುವ ದಿನವೇ ಪ್ರತಿ ಪತ್ರದ ದಿನಾಂಕ ಮತ್ತು ಪುಟಸಂಖ್ಯೆ ಇರುವ ಪಟ್ಟಿಯ ಮೇಲೆ ಬ್ಯಾಂಕಿನ ಸಹಿ ಮತ್ತು ಮೊಹರು ಪಡೆದು, ಅದರ ಒಂದು ಪ್ರತಿಯನ್ನು ಮೂರೂ ಕಡತಗಳಲ್ಲಿ ಇಟ್ಟುಕೊಳ್ಳಿ.